ಬ್ರೋಕರ್ ಹೊಸ ಕನೆಕ್ಷನ್ ಒಪ್ಪುತ್ತಿಲ್ಲವೇ? ಲಿಮಿಟ್ ಏರಿಸುವ ಮೊದಲು ಈ ಕ್ರಮದಲ್ಲಿ ಹೋಗಿ

ಲೋಡ್ ಏರಿದ ಹೊತ್ತಿಗೆ ಮೆಸೇಜ್ ಬ್ರೋಕರ್, ಅಂದರೆ ಪ್ರೋಗ್ರಾಂಗಳ ನಡುವೆ ಮೆಸೇಜ್ ಸಾಗಿಸುವ ಸರ್ವರ್, ಹೊಸ ಕನೆಕ್ಷನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿಬಿಡುತ್ತದೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಸರ್ವರ್ ರೀಸ್ಟಾರ್ಟ್ ಮಾಡುತ್ತಾರೆ, ಇಲ್ಲವೇ ಎಲ್ಲೋ ಓದಿದ ಒಂದು ಲಿಮಿಟ್ ಹುಡುಕಿ ಅದಕ್ಕೆ ಇನ್ನೆರಡು ಸೊನ್ನೆ ಸೇರಿಸುತ್ತಾರೆ. ಸ್ವಲ್ಪ ಹೊತ್ತು ಎಲ್ಲ ಸರಿಹೋಗುತ್ತದೆ. ಮರುದಿನ ಲೋಡ್ ಬಂದಾಗ ಮತ್ತೆ ಅದೇ ಪಾಡು.

ಲಿಮಿಟ್ ಏರಿಸುವುದು ತಪ್ಪಲ್ಲ. ಆದರೆ ಅದು ಆರನೇ ಹಂತದ ಕೆಲಸ. ಯಾವ ಲಿಮಿಟ್ ತಗುಲಿದೆ, ಯಾರಿಂದ ತಗುಲಿದೆ ಅಂತ ತಿಳಿಯದೆ ಏರಿಸಿದರೆ, ಸೋರುವ ಕೊಳಾಯಿಯ ಕೆಳಗೆ ದೊಡ್ಡ ಬಕೆಟ್ ಇಟ್ಟ ಹಾಗೆ. ತುಂಬುವುದು ತಡವಾಗುತ್ತದೆ, ಅಷ್ಟೇ.

ಇಲ್ಲಿ ಉದಾಹರಣೆಗೆ ರ‍್ಯಾಬಿಟ್‌ಎಂಕ್ಯೂ ತೆಗೆದುಕೊಂಡಿದ್ದೇನೆ, ಲಿನಕ್ಸ್ ಮೇಲೆ. ಬೇರೆ ಬ್ರೋಕರ್ ಆದರೂ ಹಂತಗಳ ಕ್ರಮ ಇದೇ, ಕಮಾಂಡ್‌ಗಳ ಹೆಸರು ಮಾತ್ರ ಬೇರೆ. ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಬ್ರೋಕರ್ ಓಡುತ್ತಿರುವ ಸರ್ವರ್‌ಗೆ ರೂಟ್ ಪ್ರವೇಶ ಬೇಕು. ಕನಿಷ್ಠ ಒಂದು ಕ್ಲೈಂಟ್ ಸರ್ವರ್‌ಗೂ (ಬ್ರೋಕರ್‌ಗೆ ಕನೆಕ್ಟ್ ಆಗುವ ಪ್ರೋಗ್ರಾಂ ಓಡುವ ಯಂತ್ರ) ಪ್ರವೇಶ ಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಅರ್ಧದಷ್ಟು ಸುಳಿವು ಕ್ಲೈಂಟ್ ಕಡೆಯೇ ಇರುತ್ತದೆ.

ಟೂಲ್‌ಗಳು ಕೆಲವೇ: ಸಾಕೆಟ್‌ಗಳನ್ನು (ಕನೆಕ್ಷನ್‌ನ ತುದಿಗಳನ್ನು) ಎಣಿಸಲು 'ಎಸ್ಎಸ್', ಕರ್ನಲ್‌ನ (ಲಿನಕ್ಸ್‌ನ ತಿರುಳು) ಕೌಂಟರ್ ನೋಡಲು 'ಎನ್‌ಸ್ಟ್ಯಾಟ್', ಕರ್ನಲ್ ಸಂದೇಶಗಳಿಗೆ 'ಡಿಮೆಸೇಜ್' (dmesg), ಬ್ರೋಕರ್‌ನದೇ ಆದ 'ರ‍್ಯಾಬಿಟ್‌ಎಂಕ್ಯೂಸಿಟಿಎಲ್'. ಬ್ರೋಕರ್‌ನ ಲಾಗ್ ಫೈಲ್ ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟುಕೊಳ್ಳಿ. ಒಂದು ಖಾಲಿ ನೋಟ್ ಫೈಲ್ ಕೂಡ ಇರಲಿ. ನೋಡಿದ ಪ್ರತಿ ಸಂಖ್ಯೆಯನ್ನೂ ಸಮಯದ ಜೊತೆ ಅದರಲ್ಲಿ ಬರೆಯಿರಿ. ಗಡಿಬಿಡಿಯಲ್ಲಿ ನೆನಪು ಕೈಕೊಡುತ್ತದೆ.

## ಹಂತ 1: ಕ್ಲೈಂಟ್ ಹೇಳುತ್ತಿರುವುದನ್ನು ಅಕ್ಷರ ಬಿಡದೆ ಓದಿ

'ಕನೆಕ್ಟ್ ಆಗ್ತಿಲ್ಲ' ಅನ್ನುವುದು ಒಂದು ತೊಂದರೆ ಅಲ್ಲ, ಐದಾರು ಬೇರೆ ಬೇರೆ ತೊಂದರೆಗಳಿಗೆ ಒಂದೇ ಹೆಸರು. ಯಾವುದು ಅಂತ ಹೇಳುವುದು ಕ್ಲೈಂಟ್‌ನ ಲಾಗ್‌ನಲ್ಲಿರುವ ಎರರ್.

'ಕನೆಕ್ಷನ್ ರೆಫ್ಯೂಸ್ಡ್' ಅಂತ ಥಟ್ಟನೆ ಬಂದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರೇ ಇಲ್ಲ ಅಂತ ಅರ್ಥ. ಬ್ರೋಕರ್ ಸತ್ತಿದೆ, ಇನ್ನೂ ಏಳುತ್ತಿದೆ, ಅಥವಾ ಪೋರ್ಟ್ ತಪ್ಪಾಗಿದೆ. ಮಾಮೂಲಿ ಪೋರ್ಟ್ 5672, ಗೂಢಲಿಪಿಯಲ್ಲಿ ಸಾಗುವ ಟಿಎಲ್ಎಸ್ ಆದರೆ 5671. ಇದು ಸಾಮಾನ್ಯವಾಗಿ ಲಿಮಿಟ್ ಸಮಸ್ಯೆ ಅಲ್ಲ.

ಟಿಸಿಪಿ ಕನೆಕ್ಟ್ ಆಗಿ, ಆಮೇಲೆ ಏನೂ ಉತ್ತರ ಬಾರದೆ ಟೈಮ್ಔಟ್ ಆದರೆ ಕಿವಿ ನಿಮಿರಬೇಕು. ಟೆಲ್ನೆಟ್ ಹಾಕಿ ನೋಡಿದವರು "ಪೋರ್ಟ್ ತೆರೆದೇ ಇದೆ, ನೆಟ್‌ವರ್ಕ್ ಸರಿ ಇದೆ" ಅಂತ ಇಲ್ಲಿಯೇ ದಾರಿ ತಪ್ಪುತ್ತಾರೆ. ಕನೆಕ್ಷನ್ ಶುರುವಿನ ಕೈಕುಲುಕುವ ಕೆಲಸ (ಹ್ಯಾಂಡ್‌ಶೇಕ್) ಮಾಡುವುದು ಕರ್ನಲ್. ಬ್ರೋಕರ್ ಒಳಗೆ ಕರೆಯದಿದ್ದರೂ ಕರ್ನಲ್ ಕನೆಕ್ಷನ್ ಅನ್ನು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಹಾಗಾಗಿ ಬಾಗಿಲು ತೆರೆದಂತೆ ಕಾಣುತ್ತದೆ, ಒಳಗೆ ಯಾರೂ ಕರೆಯುವುದಿಲ್ಲ. ಫೈಲ್ ಡಿಸ್ಕ್ರಿಪ್ಟರ್ (ತೆರೆದ ಪ್ರತಿ ಫೈಲ್‌ಗೂ ಸಾಕೆಟ್‌ಗೂ ಕರ್ನಲ್ ಕೊಡುವ ಸಂಖ್ಯೆ) ಮುಗಿದಾಗ ಕಾಣುವುದು ಹೀಗೆಯೇ.

'ನಾಟ್ ಅಲೋಡ್' ಅನ್ನುವ 530 ಕೋಡ್, ಜೊತೆಗೆ 'ಕನೆಕ್ಷನ್ ಲಿಮಿಟ್' ಅನ್ನುವ ಮಾತು ಬಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ವರ್ಚುವಲ್ ಹೋಸ್ಟ್‌ಗೋ (ಒಂದೇ ಬ್ರೋಕರ್ ಒಳಗಿನ ಪ್ರತ್ಯೇಕ ವಿಭಾಗ) ಯೂಸರ್‌ಗೋ ಯಾರೋ ಲಿಮಿಟ್ ಹಾಕಿಟ್ಟಿದ್ದಾರೆ. ಅದೇ 530 ಕೋಡ್ ಜೊತೆ 'ಚಾನೆಲ್_ಮ್ಯಾಕ್ಸ್' ಅಂತ ಬಂದರೆ ಅದು ಕನೆಕ್ಷನ್ ಅಲ್ಲ, ಒಂದೇ ಕನೆಕ್ಷನ್ ಒಳಗೆ ಚಾನೆಲ್‌ಗಳು, ಅಂದರೆ ಅದರೊಳಗೆ ಮೆಸೇಜ್ ಸಾಗುವ ಉಪದಾರಿಗಳು, ಮಿತಿಮೀರಿವೆ. ಡಿಫಾಲ್ಟ್ 2047. ಅಷ್ಟು ಚಾನೆಲ್ ಬೇಕಾಗುವ ಪ್ರೋಗ್ರಾಂ ತೀರಾ ಅಪರೂಪ. ಎಲ್ಲೋ ಚಾನೆಲ್ ತೆರೆದು ಮುಚ್ಚುತ್ತಿಲ್ಲ ಅಂತಲೇ ಹುಡುಕಿ.

'ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್' ಬಂದರೆ ತೊಂದರೆ ಕ್ಲೈಂಟ್ ಯಂತ್ರದಲ್ಲೇ ಇದೆ, ಹೊರಹೋಗುವ ಪೋರ್ಟ್‌ಗಳು ಖಾಲಿಯಾಗಿವೆ. ಬ್ರೋಕರ್ ಮುಟ್ಟಬೇಡಿ. 'ಟೂ ಮೆನಿ ಓಪನ್ ಫೈಲ್ಸ್' ಎರಡೂ ಕಡೆ ಬರಬಹುದು, ಯಾವ ಯಂತ್ರದ ಲಾಗ್‌ನಲ್ಲಿ ಬಂತು ಅನ್ನುವುದನ್ನು ಸರಿಯಾಗಿ ನೋಡಿ.

ಕೊನೆಯದು: ಕನೆಕ್ಷನ್ ಆಗಿದೆ, ಆದರೆ ಮೆಸೇಜ್ ಕಳಿಸಿದರೆ ನಿಂತುಬಿಡುತ್ತದೆ. ಇದು ಕನೆಕ್ಷನ್ ಲಿಮಿಟ್ ಅಲ್ಲವೇ ಅಲ್ಲ. ಮೆಮೊರಿ ಅಥವಾ ಡಿಸ್ಕ್ ಅಲಾರ್ಮ್ ಹೊಡೆದಿದೆ. ಆಗ ಬ್ರೋಕರ್ ಮೆಸೇಜ್ ಕಳಿಸುವ ಕನೆಕ್ಷನ್‌ಗಳನ್ನು ತಡೆದು ನಿಲ್ಲಿಸುತ್ತದೆ, ಪಟ್ಟಿಯಲ್ಲಿ ಅವುಗಳ ಸ್ಥಿತಿ 'ಬ್ಲಾಕ್ಡ್' ಅಂತ ಕಾಣುತ್ತದೆ. ಈ ಎರಡನ್ನು ಬೆರೆಸಿಕೊಂಡು ಇಡೀ ದಿನ ಕಳೆದವರು ಬಹಳ ಜನ ಇದ್ದಾರೆ.

## ಹಂತ 2: ರೀಸ್ಟಾರ್ಟ್‌ಗೆ ಮೊದಲು ನಾಲ್ಕು ಸಂಖ್ಯೆ ಬರೆದಿಟ್ಟುಕೊಳ್ಳಿ

ರೀಸ್ಟಾರ್ಟ್ ಮಾಡಿದ ತಕ್ಷಣ ಸಾಕ್ಷಿ ಎಲ್ಲ ಅಳಿಸಿಹೋಗುತ್ತದೆ. ಎಷ್ಟೇ ಒತ್ತಡ ಇದ್ದರೂ ಎರಡು ನಿಮಿಷ ಕೊಟ್ಟು ಇಷ್ಟು ಮಾಡಿ.

ಒಂದು, ಈಗ ಎಷ್ಟು ಕನೆಕ್ಷನ್ ಇವೆ. 'ಎಸ್ಎಸ್' ಬಳಸಿ 5672 ಪೋರ್ಟ್‌ನಲ್ಲಿ 'ಎಸ್ಟಾಬ್ಲಿಷ್ಡ್' ಸ್ಥಿತಿಯಲ್ಲಿ ಇರುವವನ್ನು ಎಣಿಸಿ. ಬ್ರೋಕರ್‌ನ ವೆಬ್ ಪುಟವನ್ನೋ ಕನೆಕ್ಷನ್ ಪಟ್ಟಿಯ ಕಮಾಂಡನ್ನೋ ಮೊದಲು ಮುಟ್ಟಬೇಡಿ. ಸಾವಿರಾರು ಕನೆಕ್ಷನ್ ಇರುವಾಗ ಅವೇ ಒಂದು ಭಾರ. 'ಎಸ್ಎಸ್' ಕೇಳುವುದು ಕರ್ನಲ್ ಹತ್ತಿರ, ಬ್ರೋಕರ್‌ಗೆ ತೊಂದರೆ ಆಗುವುದಿಲ್ಲ.

ಎರಡು, ಬ್ರೋಕರ್ ಪ್ರಕ್ರಿಯೆ ಎಷ್ಟು ಫೈಲ್ ತೆರೆದಿದೆ. ಪ್ರಕ್ರಿಯೆಯ ಹೆಸರು 'ಬೀಮ್ ಡಾಟ್ ಎಸ್ಎಂಪಿ', ಏಕೆಂದರೆ ರ‍್ಯಾಬಿಟ್‌ಎಂಕ್ಯೂ ಓಡುವುದು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ರನ್‌ಟೈಮ್ ಮೇಲೆ. ಅದರ ಪಿಐಡಿ (ಪ್ರಕ್ರಿಯೆಯ ಗುರುತು ಸಂಖ್ಯೆ) ಹುಡುಕಿ, 'ಪ್ರಾಕ್' ಫೋಲ್ಡರ್‌ನಲ್ಲಿ ಆ ಪಿಐಡಿ ಒಳಗಿನ 'ಎಫ್‌ಡಿ' ಫೋಲ್ಡರ್‌ನಲ್ಲಿ ಎಷ್ಟು ನಮೂದು ಇವೆ ಅಂತ ಎಣಿಸಿ.

ಮೂರು, ಅದೇ ಪಿಐಡಿ ಫೋಲ್ಡರ್‌ನ 'ಲಿಮಿಟ್ಸ್' ಫೈಲ್ ತೆರೆದು 'ಮ್ಯಾಕ್ಸ್ ಓಪನ್ ಫೈಲ್ಸ್' ಸಾಲು ನೋಡಿ. ಅಲ್ಲಿ ಸಾಫ್ಟ್, ಹಾರ್ಡ್ ಎಂದು ಎರಡು ಸಂಖ್ಯೆ ಇರುತ್ತವೆ. ಈಗ ನಡೆಯುವುದು ಸಾಫ್ಟ್.

ನಾಲ್ಕು, ಬ್ರೋಕರ್‌ನ ಮೆಮೊರಿ ಬಳಕೆ.

ಐದು ನಿಮಿಷ ಬಿಟ್ಟು ಮೊದಲನೆಯ ಎರಡು ಸಂಖ್ಯೆ ಮತ್ತೊಮ್ಮೆ ತೆಗೆಯಿರಿ. ಒಂದೇ ಸಲ ತೆಗೆದ ಸಂಖ್ಯೆಯಿಂದ ಏರುತ್ತಿದೆಯೋ ನಿಂತಿದೆಯೋ ಗೊತ್ತಾಗುವುದಿಲ್ಲ.

## ಹಂತ 3: ಯಾವ ಛಾವಣಿಗೆ ತಲೆ ತಗುಲಿದೆ?

ಒಂದರ ಮೇಲೊಂದು ಹಲವು ಛಾವಣಿಗಳಿವೆ. ತಲೆ ತಗುಲುವುದು ಎಲ್ಲಕ್ಕಿಂತ ಕೆಳಗಿನದಕ್ಕೆ. ಅದನ್ನು ಎತ್ತರಿಸಿದರೆ ಮುಂದಿನದಕ್ಕೆ ತಗುಲುತ್ತದೆ. ಹಾಗಾಗಿ ಎಲ್ಲವನ್ನೂ ಒಮ್ಮೆ ನೋಡಿಬಿಡಿ.

ಫೈಲ್ ಡಿಸ್ಕ್ರಿಪ್ಟರ್. ಒಂದು ಕನೆಕ್ಷನ್ ಅಂದರೆ ಒಂದು ಡಿಸ್ಕ್ರಿಪ್ಟರ್. ಕ್ಯೂಗಳ (ಮೆಸೇಜ್‌ಗಳು ಕಾಯುವ ಸಾಲು) ಫೈಲ್‌ಗಳು, ಕ್ಲಸ್ಟರ್‌ನ (ಒಟ್ಟಾಗಿ ಓಡುವ ಹಲವು ಬ್ರೋಕರ್ ಸರ್ವರ್‌ಗಳು, ಒಂದೊಂದೂ ಒಂದು ನೋಡ್) ಬೇರೆ ನೋಡ್‌ಗಳ ಜೊತೆಗಿನ ಸಂಪರ್ಕಗಳು, ಎಲ್ಲವೂ ಅದೇ ಲೆಕ್ಕದಿಂದ ಹೋಗುತ್ತವೆ. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಫ್ಟ್ ಲಿಮಿಟ್ 1024. ಬ್ರೋಕರ್‌ಗೆ ಅದು ಏನೇನೂ ಸಾಲದು.

ಇಲ್ಲಿ ಒಂದು ಸಂಖ್ಯೆ ನೆನಪಿಡಿ: 829. ಒಮ್ಮೆ ನಾನು ನೋಡುತ್ತಿದ್ದ ಸರ್ವರ್‌ನಲ್ಲಿ ಕನೆಕ್ಷನ್ ಎಣಿಕೆ ಎಷ್ಟು ಸಲ ತೆಗೆದರೂ 829. ಒಂದು ಹೋದರೆ ಇನ್ನೊಂದು ಬರುತ್ತಿತ್ತು, 830 ಮಾತ್ರ ಆಗುತ್ತಿರಲಿಲ್ಲ. 'ಲಿಮಿಟ್ 1024 ಇದೆ, ಇನ್ನೂ ಸುಮಾರು 200 ಬಾಕಿ ಇದೆಯಲ್ಲ' ಅಂತ ಒಂದು ಗಂಟೆ ಬೇರೆ ಕಡೆ ಹುಡುಕಿದೆ. ರ‍್ಯಾಬಿಟ್‌ಎಂಕ್ಯೂ 3ರ ಸಾಲಿನ ಆವೃತ್ತಿಗಳು ಒಟ್ಟು ಲಿಮಿಟ್‌ನಿಂದ 100 ಅನ್ನು ತಮ್ಮ ಕೆಲಸಕ್ಕೆ ಎತ್ತಿಡುತ್ತವೆ, ಉಳಿದದ್ದರಲ್ಲಿ ಶೇಕಡಾ 90 ಮಾತ್ರ ಸಾಕೆಟ್‌ಗಳಿಗೆ, ಅದರಲ್ಲೂ 2 ಕಳೆಯುತ್ತವೆ. 1024ರಲ್ಲಿ 100 ಹೋದರೆ 924, ಅದರ ಶೇಕಡಾ 90 ಅಂದರೆ 831, ಎರಡು ಕಳೆದರೆ 829. ಅದೇ ಲೆಕ್ಕದಲ್ಲಿ 32768ಕ್ಕೆ 29399, 65536ಕ್ಕೆ 58890. ನಿಮ್ಮ ಎಣಿಕೆ ಇವುಗಳಲ್ಲಿ ಒಂದರ ಹತ್ತಿರ ಅಲುಗಾಡದೆ ನಿಂತಿದ್ದರೆ ಮುಂದೆ ಹುಡುಕಬೇಕಿಲ್ಲ. ಬ್ರೋಕರ್ ಲಾಗ್‌ನಲ್ಲೂ 'ಫೈಲ್ ಡಿಸ್ಕ್ರಿಪ್ಟರ್ ಲಿಮಿಟ್ ಅಲಾರ್ಮ್ ಸೆಟ್' ಅನ್ನುವ ಸಾಲು ಸಿಗುತ್ತದೆ.

ಬೇಕೆಂದೇ ಹಾಕಿದ ಲಿಮಿಟ್. 'ಲಿಸ್ಟ್_ವಿಹೋಸ್ಟ್_ಲಿಮಿಟ್ಸ್' ಮತ್ತು 'ಲಿಸ್ಟ್_ಯೂಸರ್_ಲಿಮಿಟ್ಸ್' ಓಡಿಸಿ. ಕಾನ್ಫಿಗ್ ಫೈಲ್‌ನಲ್ಲಿ 'ಕನೆಕ್ಷನ್_ಮ್ಯಾಕ್ಸ್' ಸಾಲು ಇದೆಯೇ ನೋಡಿ, ಅದು ಇಡೀ ನೋಡ್‌ಗೆ ಅನ್ವಯಿಸುತ್ತದೆ. ಹಿಂದೆ ಕೆಲಸ ಮಾಡಿದವರು ಕಾರಣ ಇಟ್ಟುಕೊಂಡೇ ಹಾಕಿರಬಹುದು. ತೆಗೆಯುವ ಮೊದಲು ಕೇಳಿ.

ಕಾಯುವ ಸಾಲು. ಬ್ರೋಕರ್ ಒಳಗೆ ಕರೆಯುವ ತನಕ ಕನೆಕ್ಷನ್‌ಗಳು ಕಾಯುವ ಸಾಲಿಗೆ ಬ್ಯಾಕ್‌ಲಾಗ್ ಅನ್ನುತ್ತಾರೆ. ರ‍್ಯಾಬಿಟ್‌ಎಂಕ್ಯೂನಲ್ಲಿ ಡಿಫಾಲ್ಟ್ 128. ಎಲ್ಲರೂ ಒಮ್ಮೆಲೇ ನುಗ್ಗಿದರೆ ಇದು ಕ್ಷಣದಲ್ಲಿ ತುಂಬುತ್ತದೆ. 'ಎಸ್ಎಸ್' ಅನ್ನು ಲಿಸನ್ ಸಾಕೆಟ್‌ಗಳಿಗೆ ಓಡಿಸಿದರೆ 5672ರ ಎದುರು 'ಸೆಂಡ್-ಕ್ಯೂ' ಅಂಕಣದಲ್ಲಿ ಸಾಲಿನ ಗಾತ್ರ, 'ರಿಸೀವ್-ಕ್ಯೂ' ಅಂಕಣದಲ್ಲಿ ಈಗ ಕಾಯುತ್ತಿರುವವರು ಕಾಣುತ್ತಾರೆ. 'ಎನ್‌ಸ್ಟ್ಯಾಟ್' ತೋರಿಸುವ 'ಲಿಸನ್ ಓವರ್‌ಫ್ಲೋಸ್' ಏರುತ್ತಾ ಇದ್ದರೆ ಖಾತ್ರಿ.

ಕನೆಕ್ಷನ್ ಟ್ರ್ಯಾಕಿಂಗ್. ಫೈರ್‌ವಾಲ್ ಇರುವ ಯಂತ್ರದಲ್ಲಿ ಕರ್ನಲ್ ಪ್ರತಿ ಕನೆಕ್ಷನ್ ಅನ್ನೂ ಒಂದು ಕೋಷ್ಟಕದಲ್ಲಿ ಬರೆದಿಡುತ್ತದೆ. ಅದು ತುಂಬಿದರೆ ಪ್ಯಾಕೆಟ್ ಬೀಳಿಸುತ್ತದೆ, ಬ್ರೋಕರ್‌ಗೆ ಗೊತ್ತೇ ಆಗುವುದಿಲ್ಲ. 'ಡಿಮೆಸೇಜ್' ಒಳಗೆ 'ಕಾನ್‌ಟ್ರ್ಯಾಕ್ ಟೇಬಲ್ ಫುಲ್' ಅನ್ನುವ ಸಾಲು ಹುಡುಕಿ.

ಮಧ್ಯದಲ್ಲಿ ನಿಂತವರು. ಕನೆಕ್ಷನ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇದ್ದರೆ ಅದರದೇ ಲಿಮಿಟ್ ಇರುತ್ತದೆ. ಎಚ್‌ಎ ಪ್ರಾಕ್ಸಿಯಲ್ಲಿ ಅದು 'ಮ್ಯಾಕ್ಸ್‌ಕಾನ್'. ಬ್ರೋಕರ್‌ನಲ್ಲಿ ಜಾಗ ಇದ್ದೂ ಕ್ಲೈಂಟ್ ಒದ್ದಾಡುತ್ತಿದ್ದರೆ ಇದನ್ನು ನೋಡಿ.

## ಹಂತ 4: ಇಷ್ಟೊಂದು ಕನೆಕ್ಷನ್ ತೆರೆದವರು ಯಾರು?

ಇಡೀ ಕೆಲಸದ ಜೀವಾಳ ಇದು. ಇದನ್ನು ಬಿಟ್ಟವರೇ ಮತ್ತೆ ಮತ್ತೆ ಸಿಕ್ಕಿಬೀಳುವುದು.

ಮೊದಲು 'ಎಸ್ಎಸ್' ಕೊಟ್ಟ ಪಟ್ಟಿಯಿಂದ ಎದುರಿನ ಐಪಿ ವಿಳಾಸಗಳನ್ನು ಮಾತ್ರ ತೆಗೆದು, ಸಾರ್ಟ್ ಮಾಡಿ, ಯಾವ ವಿಳಾಸದಿಂದ ಎಷ್ಟು ಅಂತ ಎಣಿಸಿ. ಎಲ್ಲ ಕ್ಲೈಂಟ್‌ಗಳಿಂದ ಸುಮಾರು ಸಮ ಇದ್ದರೆ ಒಂದು ಕಥೆ. ಒಂದೇ ವಿಳಾಸ ಅರ್ಧ ನುಂಗಿದ್ದರೆ ಇನ್ನೊಂದು.

ಆಮೇಲೆ 'ಲಿಸ್ಟ್_ಕನೆಕ್ಷನ್ಸ್' ಒಮ್ಮೆ ಮಾತ್ರ ಓಡಿಸಿ, ಫಲಿತಾಂಶವನ್ನು ಫೈಲ್‌ಗೆ ಉಳಿಸಿಕೊಳ್ಳಿ. ಬೇಕಾದ ಅಂಕಣಗಳು: ಪಿಐಡಿ, ಪೀರ್ ಹೋಸ್ಟ್, ಪೀರ್ ಪೋರ್ಟ್, ಯೂಸರ್, ಚಾನೆಲ್ಸ್, ಸ್ಟೇಟ್, ಕನೆಕ್ಟೆಡ್ ಅಟ್. ಇಲ್ಲಿನ ಪಿಐಡಿ ಬ್ರೋಕರ್ ಒಳಗೆ ಆ ಕನೆಕ್ಷನ್‌ನ ಗುರುತು, ಹಂತ 2ರ ಪ್ರಕ್ರಿಯೆಯ ಪಿಐಡಿ ಅಲ್ಲ. ಮುಂದಿನ ಹಂತದಲ್ಲಿ ಬೇಕಾಗುತ್ತದೆ, ಬಿಡಬೇಡಿ. ಈಗ ಆ ಫೈಲ್ ಎದುರಿಟ್ಟುಕೊಂಡು ನಿಧಾನವಾಗಿ ಓದಿ.

ಮೇಲೆ ಹೇಳಿದ 829ರ ಪಟ್ಟಿಯಲ್ಲಿ ನನಗೆ ಕಂಡದ್ದು ಹೀಗಿತ್ತು. ಒಂದೇ ಹೋಸ್ಟ್‌ನಿಂದ ನೂರಾರು ಸಾಲು. ಯೂಸರ್ ಒಂದೇ. ಚಾನೆಲ್ ಅಂಕಣದಲ್ಲಿ ಉದ್ದಕ್ಕೂ ಸೊನ್ನೆ, ಸೊನ್ನೆ, ಸೊನ್ನೆ. ಸ್ಥಿತಿ ಎಲ್ಲದರದ್ದೂ 'ರನ್ನಿಂಗ್'. ಶುರುವಾದ ಸಮಯ ನೋಡಿದರೆ ಸುಮಾರು 30 ಸೆಕೆಂಡಿಗೆ ಒಂದರಂತೆ ಹುಟ್ಟಿವೆ. ಚಾನೆಲ್ ಇಲ್ಲದ ಕನೆಕ್ಷನ್ ಯಾವ ಕೆಲಸವನ್ನೂ ಮಾಡಲಾರದು, ಮೆಸೇಜ್ ಹೋಗುವುದೂ ಬರುವುದೂ ಚಾನೆಲ್ ಮೂಲಕವೇ. ಅಂದರೆ ಯಾರೋ ತೆರೆದು, ಬಳಸಿ, ಚಾನೆಲ್ ಮಾತ್ರ ಮುಚ್ಚಿ, ಕನೆಕ್ಷನ್ ಮರೆತಿದ್ದಾರೆ. ಕೋಡ್ ತೆರೆದು ನೋಡಿದರೆ 30 ಸೆಕೆಂಡಿಗೊಮ್ಮೆ ಓಡುವ ಒಂದು ಪರಿಶೀಲನೆ ಇತ್ತು. ಎಲ್ಲ ಸರಿ ಇದ್ದರೆ ಮುಚ್ಚುತ್ತಿತ್ತು. ಎರರ್ ಬಂದರೆ ಮುಚ್ಚುವ ಸಾಲಿಗೆ ತಲುಪುವ ಮೊದಲೇ ಹೊರಗೆ ಹಾರುತ್ತಿತ್ತು. ಆ ದಿನ ಅದು ಹುಡುಕುತ್ತಿದ್ದ ಕ್ಯೂ ಅನ್ನು ಯಾರೋ ಅಳಿಸಿದ್ದರು. ಅಷ್ಟೇ.

ಸಾಮಾನ್ಯವಾಗಿ ಮೂರು ಚಿತ್ರಗಳಲ್ಲಿ ಒಂದು ಕಾಣುತ್ತದೆ.

ಸೋರಿಕೆ: ಎಣಿಕೆ ಮೆಟ್ಟಿಲಿನಂತೆ ಏರುತ್ತದೆ, ಲೋಡ್ ಇಳಿದರೂ ಇಳಿಯುವುದಿಲ್ಲ. ಹಳೆಯ ಕನೆಕ್ಷನ್‌ಗಳು ಚಾನೆಲ್ ಇಲ್ಲದೆ, ಅಥವಾ ಒಂದು ಚಾನೆಲ್ ಇಟ್ಟುಕೊಂಡು ಸುಮ್ನೆ ಕೂತಿರುತ್ತವೆ.

ತೆರೆದು ಮುಚ್ಚುವ ಚಾಳಿ: ಎಣಿಕೆ ಅಷ್ಟೇನೂ ಜಾಸ್ತಿ ಇಲ್ಲ, ಆದರೆ ಪ್ರತಿ ಸೆಕೆಂಡಿಗೆ ನೂರಾರು ಹುಟ್ಟಿ ನೂರಾರು ಸಾಯುತ್ತವೆ. ಪಟ್ಟಿ ನೋಡಿದರೆ ಎಲ್ಲವೂ ಕೆಲವೇ ಸೆಕೆಂಡ್ ವಯಸ್ಸಿನವು. ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ತೆರೆಯುವ ವೆಬ್ ಅಪ್ಲಿಕೇಶನ್‌ಗಳಲ್ಲಿ ಇದು ಮಾಮೂಲಿ, ಪಿಎಚ್‌ಪಿಯಲ್ಲಂತೂ ಬಹಳ. ವೆಬ್ ಪುಟದ ಮೊದಲ ಪರದೆಯಲ್ಲಿ 'ಚರ್ನ್' ಅನ್ನುವ ಗ್ರಾಫ್ ಇದನ್ನೇ ತೋರಿಸುತ್ತದೆ.

ಈ ಚಾಳಿ ಕ್ಲೈಂಟ್ ಯಂತ್ರವನ್ನೂ ಕೊಲ್ಲುತ್ತದೆ. ಲಿನಕ್ಸ್‌ನಲ್ಲಿ ಹೊರಹೋಗುವ ಪೋರ್ಟ್‌ಗಳು ಡಿಫಾಲ್ಟ್ ಆಗಿ 32768ರಿಂದ 60999ರವರೆಗೆ, ಒಟ್ಟು 28232. ಮುಚ್ಚಿದ ಕನೆಕ್ಷನ್ 'ಟೈಮ್-ವೇಟ್' ಸ್ಥಿತಿಯಲ್ಲಿ 60 ಸೆಕೆಂಡ್ ಆ ಪೋರ್ಟ್ ಹಿಡಿದಿರುತ್ತದೆ. ಭಾಗಿಸಿ ನೋಡಿ: ಒಂದು ಯಂತ್ರದಿಂದ ಒಂದೇ ಬ್ರೋಕರ್ ವಿಳಾಸಕ್ಕೆ ಸೆಕೆಂಡಿಗೆ ಸುಮಾರು 470 ಹೊಸ ಕನೆಕ್ಷನ್ ದಾಟಿದರೆ ಪೋರ್ಟ್ ಖಾಲಿ. ಮೊದಲ ಹಂತದ 'ಅಸೈನ್' ಎರರ್ ಬರುವುದು ಇಲ್ಲಿಂದ. ಮಧ್ಯೆ ಪ್ರಾಕ್ಸಿಯೋ ನ್ಯಾಟೋ (ಹಲವು ಯಂತ್ರಗಳನ್ನು ಒಂದೇ ವಿಳಾಸದಿಂದ ಹೊರಗೆ ಕಳಿಸುವ ವ್ಯವಸ್ಥೆ) ಇದ್ದರೆ ಎಲ್ಲ ಕ್ಲೈಂಟ್‌ಗಳ ಲೆಕ್ಕ ಅದೊಂದರ ತಲೆಗೆ ಬೀಳುತ್ತದೆ.

ನಿಜವಾದ ಬೆಳವಣಿಗೆ: ಪ್ರತಿ ಕನೆಕ್ಷನ್‌ಗೂ ಚಾನೆಲ್ ಇದೆ, ಕೆಲಸ ನಡೆಯುತ್ತಿದೆ, ಕ್ಲೈಂಟ್‌ಗಳೇ ಜಾಸ್ತಿ ಆಗಿವೆ. ಆಗ ಮಾತ್ರ ಲಿಮಿಟ್ ಏರಿಸುವುದೇ ಸರಿಯಾದ ಮದ್ದು.

## ಹಂತ 5: ಮೊದಲು ಉಸಿರಾಡಲು ಜಾಗ ಮಾಡಿ

ಕಾರಣ ಸಿಕ್ಕಿತು, ಆದರೆ ಸೇವೆ ಇನ್ನೂ ನಿಂತಿದೆ. ಆಗಲೂ ಬ್ರೋಕರ್ ರೀಸ್ಟಾರ್ಟ್ ಮಾಡಬೇಡಿ. ರೀಸ್ಟಾರ್ಟ್ ಆದ ಕ್ಷಣ ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೆ ನುಗ್ಗುತ್ತವೆ. ಕಾಯುವ ಸಾಲು 128ರದ್ದು. ಅದು ತುಂಬಿ, ಟೈಮ್ಔಟ್ ಆಗಿ, ಅವೆಲ್ಲ ಮತ್ತೆ ನುಗ್ಗಿ, ಬ್ರೋಕರ್ ಏಳುವುದಕ್ಕೇ ಬಿಡುವುದಿಲ್ಲ.

ತಪ್ಪು ಮಾಡುತ್ತಿರುವ ಕ್ಲೈಂಟ್ ಒಂದೇ ಆಗಿದ್ದರೆ ಆ ಪ್ರೋಗ್ರಾಂ ಅನ್ನು ನಿಲ್ಲಿಸಿ. ಅದರ ಸಾಕೆಟ್‌ಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇದಕ್ಕಿಂತ ಸ್ವಚ್ಛ ದಾರಿ ಇಲ್ಲ.

ಅದು ಆಗದಿದ್ದರೆ, ಉಳಿಸಿಕೊಂಡ ಪಟ್ಟಿಯಿಂದ ಚಾನೆಲ್ ಸೊನ್ನೆ ಇರುವ ಹಳೆಯ ಕನೆಕ್ಷನ್‌ಗಳನ್ನು ಆರಿಸಿ 'ಕ್ಲೋಸ್_ಕನೆಕ್ಷನ್' ಕಮಾಂಡ್‌ನಿಂದ ಮುಚ್ಚಿ. ಪಿಐಡಿ ಮತ್ತು ಕಾರಣ ಎರಡನ್ನೂ ಅದಕ್ಕೆ ಕೊಡಬೇಕು. ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ, ಅದು ಕ್ಲೈಂಟ್‌ಗೆ ಹೋಗುತ್ತದೆ. ಅದನ್ನು ಓದುವ ಇನ್ನೊಬ್ಬರಿಗೆ ಆ ಒಂದು ಸಾಲು ದೊಡ್ಡ ಉಪಕಾರ.

ಇಡೀ ವರ್ಚುವಲ್ ಹೋಸ್ಟ್ ಖಾಲಿ ಮಾಡಲೇಬೇಕಾದರೆ 'ಕ್ಲೋಸ್_ಆಲ್_ಕನೆಕ್ಷನ್ಸ್' ಇದೆ. ಆದರೆ ಅದರ ಜೊತೆ 'ಲಿಮಿಟ್' ಮತ್ತು 'ಪರ್-ಕನೆಕ್ಷನ್-ಡಿಲೇ' ಆಯ್ಕೆಗಳನ್ನು ತಪ್ಪದೆ ಕೊಡಿ. ಒಂದು ಸಲಕ್ಕೆ 100, ಒಂದೊಂದರ ನಡುವೆ 50 ಮಿಲಿಸೆಕೆಂಡ್ ಬಿಡುವು, ಹೀಗೆ. ಇವನ್ನು ಕೊಡದೆ ಓಡಿಸಿದರೆ ರೀಸ್ಟಾರ್ಟ್ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

ಸೋರುತ್ತಿರುವ ಪ್ರೋಗ್ರಾಂ ತಕ್ಷಣ ಸರಿಹೋಗುವುದಿಲ್ಲ ಅಂತಾದರೆ ಅದರ ಯೂಸರ್‌ಗೆ ಮಾತ್ರ ಒಂದು ಲಿಮಿಟ್ ಹಾಕಿ. 'ಸೆಟ್_ಯೂಸರ್_ಲಿಮಿಟ್ಸ್' ಬಳಸಿ 'ಮ್ಯಾಕ್ಸ್-ಕನೆಕ್ಷನ್ಸ್' 50 ಅಂತ ಕೊಟ್ಟರೆ ಅದು 50ಕ್ಕೆ ನಿಲ್ಲುತ್ತದೆ, ಉಳಿದವರು ಬದುಕುತ್ತಾರೆ. ಎಲ್ಲ ಪ್ರೋಗ್ರಾಂಗಳೂ ಒಂದೇ ಯೂಸರ್ ಬಳಸುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ. ಪ್ರತಿ ಸೇವೆಗೂ ಬೇರೆ ಯೂಸರ್ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

## ಹಂತ 6: ಈಗ ಲಿಮಿಟ್ ಏರಿಸಿ, ಸರಿಯಾದ ಜಾಗದಲ್ಲಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. 'ಸೆಕ್ಯುರಿಟಿ' ಫೋಲ್ಡರ್‌ನ 'ಲಿಮಿಟ್ಸ್ ಡಾಟ್ ಕಾನ್ಫ್' ತೆರೆದು 65536 ಬರೆಯುತ್ತಾರೆ. ಟರ್ಮಿನಲ್‌ನಲ್ಲಿ 'ಯುಲಿಮಿಟ್' ಕೇಳುತ್ತಾರೆ, 65536 ಅಂತಲೇ ಬರುತ್ತದೆ. ಸಂತೋಷ. ಆದರೆ ಬ್ರೋಕರ್ ಇನ್ನೂ 1024ರಲ್ಲೇ ಇರುತ್ತದೆ. ಆ ಫೈಲ್ ಅನ್ವಯಿಸುವುದು ಲಾಗಿನ್ ಆಗುವ ಬಳಕೆದಾರರಿಗೆ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಎಬ್ಬಿಸುವ ಸೇವೆಗಳು ಅದನ್ನು ನೋಡುವುದೇ ಇಲ್ಲ.

ಸರಿಯಾದ ದಾರಿ: 'ಸಿಸ್ಟಮ್‌ಸಿಟಿಎಲ್ ಎಡಿಟ್ ರ‍್ಯಾಬಿಟ್‌ಎಂಕ್ಯೂ-ಸರ್ವರ್' ಅಂತ ಕೊಡಿ. ತೆರೆದ ಖಾಲಿ ಜಾಗದಲ್ಲಿ 'ಸರ್ವಿಸ್' ವಿಭಾಗದ ಕೆಳಗೆ 'ಲಿಮಿಟ್‌ನೋಫೈಲ್=65536' ಅಂತ ಒಂದು ಸಾಲು ಬರೆದು ಉಳಿಸಿ. ಬ್ರೋಕರ್ ಜೊತೆ ಬಂದ ಮೂಲ ಸರ್ವಿಸ್ ಫೈಲ್ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಅದು ಅಳಿಸಿಹೋಗುತ್ತದೆ. ಓಡುತ್ತಿರುವ ಪ್ರಕ್ರಿಯೆಗೆ 'ಪಿಆರ್‌ಲಿಮಿಟ್'ನಿಂದ ಏರಿಸಿ ರೀಸ್ಟಾರ್ಟ್ ತಪ್ಪಿಸಬಹುದಲ್ಲ ಅಂತ ಅನಿಸಬಹುದು. ಬ್ರೋಕರ್ ತನ್ನ ಲೆಕ್ಕ ಮಾಡಿಕೊಳ್ಳುವುದು ಏಳುವ ಹೊತ್ತಿಗೆ, ಹಾಗಾಗಿ ಅದನ್ನು ನಂಬಬೇಡಿ.

ಕ್ಲಸ್ಟರ್ ಆಗಿದ್ದರೆ ಒಂದೊಂದೇ ನೋಡ್. ಮೊದಲು 'ರ‍್ಯಾಬಿಟ್‌ಎಂಕ್ಯೂ-ಅಪ್‌ಗ್ರೇಡ್ ಡ್ರೈನ್' ಕೊಟ್ಟು ಆ ನೋಡ್‌ನಿಂದ ಕ್ಲೈಂಟ್‌ಗಳನ್ನು ಕಳಿಸಿ, ಆಮೇಲೆ ರೀಸ್ಟಾರ್ಟ್. ಎದ್ದ ಮೇಲೆ ಹೊಸ ಪಿಐಡಿಯ 'ಲಿಮಿಟ್ಸ್' ಫೈಲ್ ಮತ್ತೆ ತೆರೆದು ಕಣ್ಣಾರೆ ನೋಡಿ. ನೋಡದೆ ಮುಂದಿನ ನೋಡ್‌ಗೆ ಹೋಗಬೇಡಿ.

ಕಂಟೇನರ್ ಒಳಗೆ ಓಡಿಸುತ್ತಿದ್ದರೆ ತೊಂದರೆ ಉಲ್ಟಾ ಇರಬಹುದು. ಲಿಮಿಟ್ 'ಇನ್ಫಿನಿಟಿ' ಅಂತ ಬಿಟ್ಟಿದ್ದರೆ ಎರ್ಲಾಂಗ್ ಆ ಸಂಖ್ಯೆಗೆ ತಕ್ಕ ದೊಡ್ಡ ಕೋಷ್ಟಕವನ್ನು ಏಳುವಾಗಲೇ ಹಾಸಿಕೊಂಡು ವಿಪರೀತ ಮೆಮೊರಿ ತಿನ್ನುತ್ತದೆ. ಖಾಲಿ ಬ್ರೋಕರ್ ಗಿಗಾಬೈಟ್‌ಗಟ್ಟಲೆ ಬಳಸುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಕಂಟೇನರ್‌ನ 'ಯುಲಿಮಿಟ್ಸ್' ವಿಭಾಗದಲ್ಲಿ 'ನೋಫೈಲ್' ಎಂದು ನಿರ್ದಿಷ್ಟ ಸಂಖ್ಯೆ ಕೊಡಿ.

ಬ್ಯಾಕ್‌ಲಾಗ್ ಕೂಡ ಏರಿಸುವುದಾದರೆ ಎರಡು ಕಡೆ ಏರಿಸಬೇಕು: ಬ್ರೋಕರ್ ಕಾನ್ಫಿಗ್‌ನ 'ಟಿಸಿಪಿ_ಲಿಸನ್_ಆಪ್ಷನ್ಸ್ ಡಾಟ್ ಬ್ಯಾಕ್‌ಲಾಗ್', ಕರ್ನಲ್‌ನ 'ಸೋಮ್ಯಾಕ್ಸ್‌ಕಾನ್'. ಎರಡರಲ್ಲಿ ಚಿಕ್ಕದೇ ನಡೆಯುತ್ತದೆ. ಲಿನಕ್ಸ್ 5.4ರಿಂದ ಈಚೆಗೆ ಕರ್ನಲ್‌ನದು 4096, ಅದಕ್ಕಿಂತ ಹಳೆಯದರಲ್ಲಿ 128.

ಇನ್ನು ಮೆಮೊರಿ ಲೆಕ್ಕ. ಒಂದು ಕನೆಕ್ಷನ್ ಸುಮಾರು 100 ಕಿಲೋಬೈಟ್ ತೆಗೆದುಕೊಳ್ಳುತ್ತದೆ, ಟಿಎಲ್ಎಸ್ ಆದರೆ ಇನ್ನೂ ಜಾಸ್ತಿ. 10,000 ಕನೆಕ್ಷನ್ ಅಂದರೆ ಸುಮಾರು 1 ಗಿಗಾಬೈಟ್, 50,000 ಅಂದರೆ 5. ಇದು ಮೆಸೇಜ್‌ಗಳನ್ನು ಬಿಟ್ಟು. 3ರ ಸಾಲಿನ ಆವೃತ್ತಿಗಳಲ್ಲಿ ಒಟ್ಟು ಮೆಮೊರಿಯ ಶೇಕಡಾ 40 ದಾಟಿದರೆ ಅಲಾರ್ಮ್ ಹೊಡೆದು ಮೆಸೇಜ್ ಕಳಿಸುವವರೆಲ್ಲ ನಿಲ್ಲುತ್ತಾರೆ. ಕನೆಕ್ಷನ್ ಲಿಮಿಟ್ ಏರಿಸಿ ಮೆಮೊರಿ ಲಿಮಿಟ್‌ಗೆ ಬಡಿಸಿಕೊಂಡರೆ ಏನು ಪ್ರಯೋಜನ? ತೀರಾ ಹೆಚ್ಚು ಕನೆಕ್ಷನ್ ಬೇಕೇ ಬೇಕು ಅಂದರೆ ಕಾನ್ಫಿಗ್‌ನಲ್ಲಿ ಟಿಸಿಪಿ ಬಫರ್‌ಗಳನ್ನು 32768 ಬೈಟ್‌ನಂತಹ ಚಿಕ್ಕ ಗಾತ್ರಕ್ಕೆ ಇಳಿಸಬಹುದು, ಮೆಸೇಜ್ ಸಾಗುವ ವೇಗ ಸ್ವಲ್ಪ ಕಡಿಮೆಯಾಗುತ್ತದೆ.

ಕ್ಲಸ್ಟರ್ ಲೆಕ್ಕವನ್ನು ಯಾವಾಗಲೂ ಒಂದು ನೋಡ್ ಬಿದ್ದಿದೆ ಎಂದುಕೊಂಡು ಮಾಡಿ. ಮೂರು ನೋಡ್, 30,000 ಕನೆಕ್ಷನ್, ತಲಾ 10,000. ಒಂದು ಬಿದ್ದರೆ ಉಳಿದ ಎರಡಕ್ಕೆ ತಲಾ 15,000. ಬಿದ್ದ ನೋಡ್ ಎದ್ದ ಮೇಲೂ ಕನೆಕ್ಷನ್‌ಗಳು ತಾವಾಗಿ ವಾಪಸ್ ಹೋಗುವುದಿಲ್ಲ, ಒಮ್ಮೆ ಅಂಟಿದ್ದು ಅಲ್ಲೇ ಇರುತ್ತದೆ.

## ಹಂತ 7: ಕ್ಲೈಂಟ್ ಕೋಡ್ ಸರಿಮಾಡಿ

ಒಂದು ಪ್ರೋಗ್ರಾಂಗೆ ಕನೆಕ್ಷನ್ ಒಂದು ಅಥವಾ ಎರಡು ಸಾಕು. ಮೆಸೇಜ್ ಕಳಿಸಲು ಒಂದು, ತೆಗೆದುಕೊಳ್ಳಲು ಇನ್ನೊಂದು ಇಟ್ಟುಕೊಳ್ಳಿ. ಮೆಮೊರಿ ಅಲಾರ್ಮ್ ಬಂದಾಗ ಕಳಿಸುವ ಕನೆಕ್ಷನ್ ಮಾತ್ರ ನಿಲ್ಲುತ್ತದೆ, ತೆಗೆದುಕೊಳ್ಳುವ ಕಡೆ ಕೆಲಸ ನಡೆದು ಕ್ಯೂ ಖಾಲಿಯಾಗುತ್ತದೆ. ಒಳಗಿನ ಪ್ರತಿ ಥ್ರೆಡ್‌ಗೂ ಒಂದು ಚಾನೆಲ್. ಪ್ರೋಗ್ರಾಂ ಶುರುವಾದಾಗ ತೆರೆದ ಕನೆಕ್ಷನ್ ಅದು ಮುಗಿಯುವ ತನಕ ಇರಬೇಕು.

ಪಿಎಚ್‌ಪಿಯಂತೆ ರಿಕ್ವೆಸ್ಟ್ ಮುಗಿದ ಕೂಡಲೇ ಎಲ್ಲ ಅಳಿಸಿಹೋಗುವ ಕಡೆ ಹೀಗೆ ಮಾಡಲಾಗುವುದಿಲ್ಲ. ಅಲ್ಲಿ ಕ್ಲೈಂಟ್ ಯಂತ್ರದಲ್ಲೇ ಎಎಂಕ್ಯೂಪ್ರಾಕ್ಸಿಯಂತಹ ಒಂದು ಪ್ರಾಕ್ಸಿ ಕೂರಿಸಿ. ಬ್ರೋಕರ್ ಜೊತೆಗಿನ ಕನೆಕ್ಷನ್‌ಗಳನ್ನು ಅದು ಹಿಡಿದಿಟ್ಟುಕೊಂಡು ಮರುಬಳಕೆ ಮಾಡುತ್ತದೆ.

ಮುಚ್ಚುವ ಸಾಲು ಎರರ್ ಬಂದರೂ ಓಡುವ ಜಾಗದಲ್ಲಿ, ಅಂದರೆ 'ಫೈನಲಿ' ಒಳಗೆ ಇರಲಿ. ಮತ್ತೆ ಕನೆಕ್ಟ್ ಮಾಡುವ ಕೋಡ್ ಹಳೆಯ ಕನೆಕ್ಷನ್ ಮುಚ್ಚಿದ ಮೇಲೆಯೇ ಹೊಸದನ್ನು ತೆರೆಯುತ್ತದೆಯೇ ನೋಡಿ. ಲೈಬ್ರರಿಯೇ ತಾನಾಗಿ ಮರುಸಂಪರ್ಕ ಮಾಡುವಾಗ ನೀವೂ ಅದರ ಮೇಲೆ ಇನ್ನೊಂದು ಲೂಪ್ ಬರೆದಿದ್ದರೆ ಒಂದರ ಬದಲು ಎರಡು ಹುಟ್ಟುತ್ತವೆ. ಇದು ತುಂಬ ಕಡೆ ಕಂಡ ತಪ್ಪು.

ಮರುಪ್ರಯತ್ನದ ನಡುವೆ ಬಿಡುವು ಇರಬೇಕು, ಆ ಬಿಡುವು ಬೆಳೆಯಬೇಕು: 1 ಸೆಕೆಂಡ್, 2, 4, 8, ಹೀಗೆ 60ರವರೆಗೆ. ಅದರ ಮೇಲೆ ಒಂದಿಷ್ಟು ಯಾದೃಚ್ಛಿಕ ಸಮಯ ಸೇರಿಸಿ. ಅದಿಲ್ಲದಿದ್ದರೆ ಸಾವಿರ ಕ್ಲೈಂಟ್‌ಗಳೂ ಒಟ್ಟಿಗೆ ಕಾದು ಒಟ್ಟಿಗೇ ಬಾಗಿಲು ಬಡಿಯುತ್ತವೆ.

ಪ್ರತಿ ಕನೆಕ್ಷನ್‌ಗೂ ಒಂದು ಹೆಸರು ಕೊಡಿ. ಎಲ್ಲ ಪ್ರಮುಖ ಲೈಬ್ರರಿಗಳಲ್ಲಿ 'ಕನೆಕ್ಷನ್_ನೇಮ್' ಹಾಕಲು ಅವಕಾಶ ಇದೆ. ಮುಂದಿನ ಸಲ ಪಟ್ಟಿ ನೋಡುವಾಗ ಐಪಿ ವಿಳಾಸದ ಹಿಂದೆ ಓಡಬೇಕಿಲ್ಲ, ಸೇವೆಯ ಹೆಸರೇ ಕಾಣುತ್ತದೆ.

## ಹಂತ 8: ಸತ್ತ ಕನೆಕ್ಷನ್‌ಗಳನ್ನು ಬ್ರೋಕರ್ ಗುರುತಿಸುವಂತೆ ಮಾಡಿ

ಕ್ಲೈಂಟ್ ಯಂತ್ರ ಧುತ್ತೆಂದು ಸತ್ತರೆ ಬ್ರೋಕರ್‌ಗೆ ಸುದ್ದಿ ಹೇಳುವವರಿಲ್ಲ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಡಿಫಾಲ್ಟ್ ಆಗಿ ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ. ಅಷ್ಟು ಹೊತ್ತು ಆ ಜಾಗ ವ್ಯರ್ಥ.

ಇದಕ್ಕೇ ಹಾರ್ಟ್‌ಬೀಟ್, ಅಂದರೆ 'ಬದುಕಿದ್ದೇನೆ' ಅಂತ ಎರಡೂ ಕಡೆಯವರು ಆಗಾಗ ಕಳಿಸುವ ಸಣ್ಣ ಸಂದೇಶ, ಇರುವುದು. ಡಿಫಾಲ್ಟ್ 60 ಸೆಕೆಂಡ್. 'ತೊಂದರೆ ಕೊಡುತ್ತದೆ' ಅಂತ ಕೆಲವರು ಕ್ಲೈಂಟ್‌ನಲ್ಲಿ 0 ಹಾಕಿ ಆರಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. 10ರಿಂದ 20 ಸೆಕೆಂಡ್ ಹೆಚ್ಚಿನ ಕಡೆ ಚೆನ್ನಾಗಿ ನಡೆಯುತ್ತದೆ. 5ಕ್ಕಿಂತ ಇಳಿಸಿದರೆ ನೆಟ್‌ವರ್ಕ್ ಸ್ವಲ್ಪ ತಡವರಿಸಿದರೂ ಬದುಕಿರುವ ಕನೆಕ್ಷನ್ ಮುರಿಯುತ್ತದೆ. ಲೋಡ್ ಬ್ಯಾಲೆನ್ಸರ್‌ನ ಐಡಲ್ ಟೈಮ್ಔಟ್ ಹಾರ್ಟ್‌ಬೀಟ್‌ಗಿಂತ ದೊಡ್ಡದಿರಲಿ.

ಹಾರ್ಟ್‌ಬೀಟ್ ತೊಂದರೆ ಕೊಡುತ್ತಿದೆ ಅನ್ನುವವರ ಕೋಡ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಇದು: ಪೈಥಾನ್‌ನ ಪಿಕಾ ಲೈಬ್ರರಿ, ಒಂದೇ ಥ್ರೆಡ್, ಒಂದು ಮೆಸೇಜ್ ಸಂಸ್ಕರಿಸಲು ಐದು ನಿಮಿಷ. ಆ ಐದು ನಿಮಿಷ ಹಾರ್ಟ್‌ಬೀಟ್ ಕಳಿಸಲು ಯಾರಿಗೂ ಪುರುಸೊತ್ತಿಲ್ಲ. ಬ್ರೋಕರ್ ಕನೆಕ್ಷನ್ ಮುರಿಯುತ್ತದೆ, ಮೆಸೇಜ್ ಕ್ಯೂಗೆ ವಾಪಸ್ ಬರುತ್ತದೆ, ಮತ್ತೊಬ್ಬರು ತೆಗೆದುಕೊಳ್ಳುತ್ತಾರೆ, ಅಲ್ಲೂ ಅದೇ. ಭಾರದ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡಿ, ಕನೆಕ್ಷನ್ ನೋಡಿಕೊಳ್ಳುವ ಥ್ರೆಡ್ ಅನ್ನು ಬಿಡುವಾಗಿಡಿ.

## ಹಂತ 9: ತುಂಬುವ ಮೊದಲೇ ಗೊತ್ತಾಗಲಿ

ಮೂರು ಎಚ್ಚರಿಕೆ ಹಾಕಿ. ಫೈಲ್ ಡಿಸ್ಕ್ರಿಪ್ಟರ್ ಬಳಕೆ ಲಿಮಿಟ್‌ನ ಶೇಕಡಾ 70 ದಾಟಿದರೆ. ಪ್ರತಿ ಸೆಕೆಂಡಿಗೆ ಹುಟ್ಟುವ ಹೊಸ ಕನೆಕ್ಷನ್ ನಿಮ್ಮ ಮಾಮೂಲಿಗಿಂತ ಹಲವು ಪಟ್ಟು ಏರಿದರೆ. ಕನೆಕ್ಷನ್‌ಗಿಂತ ಚಾನೆಲ್ ಸಂಖ್ಯೆ ಕಡಿಮೆಯಾದರೆ. ಮೂರನೆಯದನ್ನು ಹಾಕುವವರು ಕಡಿಮೆ. ಆದರೆ ಸೋರಿಕೆಯನ್ನು ಗಂಟೆಗಳ ಮೊದಲೇ ಹಿಡಿಯುವುದು ಅದೇ, ಏಕೆಂದರೆ ಆರೋಗ್ಯವಾದ ಬ್ರೋಕರ್‌ನಲ್ಲಿ ಚಾನೆಲ್‌ಗಳು ಯಾವಾಗಲೂ ಕನೆಕ್ಷನ್‌ಗಳಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರುತ್ತವೆ.

ಆಮೇಲೆ ಟೆಸ್ಟ್ ಸರ್ವರ್‌ನಲ್ಲಿ ಲೋಡ್ ಪರೀಕ್ಷೆಯ ಟೂಲ್ 'ಪರ್ಫ್‌ಟೆಸ್ಟ್' ಬಳಸಿ ನಿಮಗೆ ಬೇಕಾದಷ್ಟು ಕನೆಕ್ಷನ್ ತೆರೆದು ನೋಡಿ. ಟೆಸ್ಟ್ ಓಡಿಸುವ ಯಂತ್ರದ ಫೈಲ್ ಲಿಮಿಟ್ ಮೊದಲು ಏರಿಸಿಕೊಳ್ಳಿ, ಇಲ್ಲದಿದ್ದರೆ ಬ್ರೋಕರ್ ಬದಲು ಅದೇ 1024ಕ್ಕೆ ನಿಂತು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಪೂರ್ತಿ ಲೋಡ್ ನಡೆಯುತ್ತಿರುವಾಗಲೇ ಒಂದು ನೋಡ್ ನಿಲ್ಲಿಸಿ. ಕನೆಕ್ಷನ್‌ಗಳೆಲ್ಲ ಉಳಿದ ನೋಡ್‌ಗಳಲ್ಲಿ ಒಂದೆರಡು ನಿಮಿಷದಲ್ಲಿ ಕೂತವೇ, 'ಲಿಸನ್ ಓವರ್‌ಫ್ಲೋಸ್' ಏರದೆ ಉಳಿಯಿತೇ, ಮೆಮೊರಿ ಅಲಾರ್ಮ್ ಹೊಡೆಯಲಿಲ್ಲವೇ ಅಂತ ನೋಡಿ. ಮೂರರಲ್ಲಿ ಒಂದು ಕೈಕೊಟ್ಟರೂ ಮೂರನೇ ಹಂತಕ್ಕೆ ವಾಪಸ್ ಹೋಗಿ.